ಬೀಟ್‌ರೂಟಿನಿಂದ ಕೆಮ್ಮಣ್ಣಿನವರೆಗೆ: ಮನೆಯಲ್ಲೇ ಬಣ್ಣ ತೆಗೆಯುವ ಬಗೆ

ಬೀಟ್‌ರೂಟ್ ರಸ ಹಾಕಿ ಕಲಸಿದ ಸಂಡಿಗೆ ಹಿಟ್ಟು ಪಾತ್ರೆಯಲ್ಲಿದ್ದಾಗ ಒಳ್ಳೆ ಗುಲಾಬಿ. ತಾರಸಿಯ ಮೇಲೆ ಎರಡು ದಿನ ಒಣಗುವಷ್ಟರಲ್ಲಿ ಮಾಸುತ್ತದೆ. ಕಾದ ಎಣ್ಣೆಗೆ ಬಿಟ್ಟ ಕೂಡಲೇ ಕಂದಾಗುತ್ತದೆ. ಅದೇ ಸಂಡಿಗೆಗೆ ಬ್ಯಾಡಗಿ ಮೆಣಸಿನ ಪುಡಿ ಹಾಕಿದ್ದರೆ ಕರಿದ ಮೇಲೂ ಕೇಸರಿ-ಕೆಂಪು ಉಳಿಯುತ್ತಿತ್ತು. ಎರಡೂ ಕೆಂಪೇ ಆದರೂ ಒಂದು ನೀರಿನ ಬಣ್ಣ, ಇನ್ನೊಂದು ಎಣ್ಣೆಯ ಬಣ್ಣ.

ಹಾಗಾಗಿ ಯಾವುದೇ ಹೂವು, ಕಾಯಿ, ಬೇರನ್ನು ಕೈಗೆತ್ತಿಕೊಳ್ಳುವ ಮುಂಚೆ ಮೂರು ವಿಷಯ ಗೊತ್ತಿರಬೇಕು. ಬಣ್ಣ ನೀರಿಗೆ ಬಿಡುತ್ತದೋ ಎಣ್ಣೆಗೆ ಬಿಡುತ್ತದೋ? ಹುಳಿ ಬಿದ್ದರೆ ಅಥವಾ ಸುಣ್ಣ, ಸೋಡಾ ತಾಗಿದರೆ ಏನಾಗುತ್ತದೆ? ಬೆಂಕಿ, ಬಿಸಿಲು ಎಷ್ಟು ತಡೆಯುತ್ತದೆ? ಬೀಟ್‌ರೂಟ್, ಬಸಳೆ ಹಣ್ಣು, ಶಂಖಪುಷ್ಪ, ಪುನರ್ಪುಳಿ, ಕೇಸರಿ ಇವು ನೀರಿಗೆ ಬಿಡುವವು. ಅರಿಶಿನ, ಬ್ಯಾಡಗಿ ಮೆಣಸು, ಸಿಂಧೂರಿ ಬೀಜ, ಪಾಲಕ್‌ನ ಹಸಿರು ಎಣ್ಣೆಗೆ ಬಿಡುವವು. ಕೆಡುವ ಪ್ರಯೋಗಗಳಲ್ಲಿ ಹೆಚ್ಚಿನವು ಕೆಡುವುದು ಈ ಭೇದ ತಿಳಿಯದೆ.

ಅರಿಶಿನ: ಮೊದಲ ಪಾಠ

ಆರತಿ ತಟ್ಟೆಯ ಓಕುಳಿ ನೀರನ್ನು ನೋಡಿ. ಹಳದಿ ಅರಿಶಿನದ ನೀರಿಗೆ ಕಡಲೆಕಾಳಿನಷ್ಟು ಸುಣ್ಣ ಕದಡಿದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ಅರಿಶಿನದ ಬಣ್ಣ ಕರ್ಕ್ಯುಮಿನ್; ಕ್ಷಾರದಲ್ಲಿ ಕೆಂಗಂದು, ಹುಳಿಯಲ್ಲಿ ತಿಳಿ ಹಳದಿ. ಬಜ್ಜಿ ಹಿಟ್ಟಿಗೆ, ಢೋಕ್ಲಾ ಹಿಟ್ಟಿಗೆ ಅರಿಶಿನ, ಸೋಡಾ ಎರಡನ್ನೂ ಹಾಕಿದಾಗ ಅಲ್ಲಲ್ಲಿ ಕೆಂಪು ಚುಕ್ಕೆ ಏಳುವುದು ಇದೇ ಕಾರಣಕ್ಕೆ. ಸೋಡಾ ಸರಿಯಾಗಿ ಕರಗದೆ ಒಂದೆಡೆ ಉಳಿದಿರುತ್ತದೆ. ಸೋಡಾವನ್ನು ಒಂದು ಚಮಚ ನೀರಿನಲ್ಲಿ ಕದಡಿ ಹಾಕಿ, ಹಿಟ್ಟಿಗೆ ಅರ್ಧ ಚಮಚ ನಿಂಬೆರಸವನ್ನೋ ಹುಳಿ ಮೊಸರನ್ನೋ ಸೇರಿಸಿ. ಚುಕ್ಕೆ ಬರುವುದಿಲ್ಲ.

ಅರಿಶಿನ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಬರೀ ತೇಲುತ್ತದೆ. ಚಿತ್ರಾನ್ನಕ್ಕೆ ಒಗ್ಗರಣೆಯಲ್ಲಿ, ಒಲೆ ಆರಿಸಿದ ಮೇಲೆ ಎಣ್ಣೆಯ ಬಿಸಿಗೆ ಅರಿಶಿನ ಹಾಕಿದರೆ ಅನ್ನದ ಪ್ರತಿ ಅಗುಳಿಗೂ ಸಮನಾಗಿ ಹಿಡಿಯುತ್ತದೆ. ಕೊನೆಯಲ್ಲಿ ಅನ್ನದ ಮೇಲೆ ಉದುರಿಸಿದರೆ ಪಟ್ಟೆ ಪಟ್ಟೆಯಾಗಿ ನಿಲ್ಲುತ್ತದೆ, ಹಸಿ ವಾಸನೆ ಬೇರೆ. ಉರಿಯ ಮೇಲೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಟ್ಟರೆ ಕಪ್ಪಾಗಿ ಕಹಿಯಾಗುತ್ತದೆ.

ಕುಂಕುಮವೂ ಅರಿಶಿನದ್ದೇ. ಬರೀ ಸುಣ್ಣ ಬೆರೆಸಿ ಮಾಡಿದ ಕೆಂಪು ನಿಲ್ಲುವುದಿಲ್ಲ; ಗಾಳಿಗೆ ಸುಣ್ಣದ ಕಸುವು ಇಳಿಯುತ್ತದೆ, ಬೆವರು ತಾಗಿದರೆ ಹಳದಿಯಾಗುತ್ತದೆ. ಹಳೆಯ ಕ್ರಮದಲ್ಲಿ ಬಿಳಿಗಾರ (ಬೋರಾಕ್ಸ್) ಬಳಸುತ್ತಾರೆ. ಹುಳಿಯೊಳಗೆ ಬಿಳಿಗಾರವು ಅರಿಶಿನದೊಂದಿಗೆ ಸೇರಿ ಕೊಡುವ ಕೆಂಪು ಬೇರೆಯದೇ ವಸ್ತು, ಸುಲಭಕ್ಕೆ ಹಿಂದೆ ತಿರುಗುವುದಿಲ್ಲ. 250 ಗ್ರಾಂ ಅರಿಶಿನ ಕೊಂಬನ್ನು ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿಕೊಳ್ಳಿ. 300 ಮಿಲಿ ಲೀಟರ್ ಸೋಸಿದ ನಿಂಬೆರಸದಲ್ಲಿ 20 ಗ್ರಾಂ ಬಿಳಿಗಾರ, 3 ಗ್ರಾಂ ಪಟಿಕ ಕರಗಿಸಿ ಅದಕ್ಕೆ ಸುರಿಯಿರಿ. ಪಿಂಗಾಣಿ ಅಥವಾ ಗಾಜಿನ ಪಾತ್ರೆಯೇ ಆಗಬೇಕು, ಕಬ್ಬಿಣ ಬೇಡವೇ ಬೇಡ. ದಿನಕ್ಕೆ ಎರಡು ಸಲ ಕೈಯಾಡಿಸುತ್ತ ರಸ ಪೂರ್ತಿ ಹೀರುವವರೆಗೆ, ಅಂದರೆ ಎರಡು ಮೂರು ದಿನ ಬಿಡಿ. ನೆರಳಿನಲ್ಲಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜಾಲಿಸಿ, ಕೊನೆಗೆ ಒಂದು ಟೀ ಚಮಚ ತುಪ್ಪವನ್ನೋ ಎಳ್ಳೆಣ್ಣೆಯನ್ನೋ ಕೈಗೆ ಸವರಿಕೊಂಡು ತಿಕ್ಕಿ. ಕೊಂಬಿನ ಒಳಭಾಗ ಒಡೆದಾಗ ಹಳದಿ ಕಂಡರೆ ರಸ ಒಳಗೆ ಇಳಿದಿಲ್ಲ; ಇನ್ನಷ್ಟು ಸಣ್ಣದಾಗಿ ಕುಟ್ಟಿ ಮತ್ತೆ ಒಂದು ದಿನ ನೆನೆಸಿ. ಬಿಳಿಗಾರ ತಿನ್ನುವ ವಸ್ತು ಅಲ್ಲ. ಇದಕ್ಕೆ ಬಳಸಿದ ಪಾತ್ರೆ, ಒರಳು, ಜರಡಿ ಮತ್ತೆ ಅಡುಗೆಮನೆಗೆ ಬರಬಾರದು.

ತಿನ್ನುವ ಕೆಂಪುಗಳು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಷೇಧ ಬಂತು. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ, ಯಾವ ತಿಂಡಿಗೂ ಸಲ್ಲದು. ಅಷ್ಟು ಗಾಢವಾದ ಕೆಂಪು ಬೇಕೇ ಬೇಕು ಎನ್ನುವ ಅಭ್ಯಾಸವನ್ನು ಮೊದಲು ಬಿಡಬೇಕು. ಗಿಡದ ಬಣ್ಣ ಕೊಡುವುದು ಇಟ್ಟಿಗೆ ಕೆಂಪು, ಅದು ತಿನಿಸಿಗೆ ಸಾಕು.

ಕರಿದ ತಿಂಡಿಗೆ ಬ್ಯಾಡಗಿಯೇ ಸರಿ. ಹಾವೇರಿ ಜಿಲ್ಲೆಯ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಕಡ್ಡಿ, ಡಬ್ಬಿ ಎಂಬ ಎರಡು ಬಗೆಯಲ್ಲಿ ಬಣ್ಣಕ್ಕಾಗಿ ಕೊಳ್ಳುವುದಾದರೆ ದಪ್ಪಗೆ, ಸುಕ್ಕುಗಟ್ಟಿದ ಡಬ್ಬಿಯನ್ನು ಕೊಳ್ಳಿ. ಅರ್ಧ ಕಿಲೋ ಹೂಕೋಸಿಗೆ ಎಂಟು ಮೆಣಸಿನಕಾಯಿ ಸಾಕು. ತೊಟ್ಟು, ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ನೆನೆಸಿದ ನೀರನ್ನೇ ಎರಡು ಚಮಚ ಹಾಕಿ ನುಣ್ಣಗೆ ಅರೆಯಿರಿ. ಬೀಜ ಉಳಿದರೆ ಖಾರ ಏರುತ್ತದೆ, ಅರೆದದ್ದು ಬಿಳಿಚುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಈ ಮಸಾಲೆಯನ್ನು ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿ. ಬಿಟ್ಟ ಎಣ್ಣೆಯ ಬಣ್ಣ ನೋಡಿದರೆ ಗೊತ್ತಾಗುತ್ತದೆ, ಮೆಣಸಿನ ಕೆಂಪು ಅಷ್ಟೂ ಅದರಲ್ಲಿದೆ. ಹಿಟ್ಟಿಗೆ ಬೇರೆಯಾಗಿ ಒಂದೂವರೆ ಟೀ ಚಮಚ ಬ್ಯಾಡಗಿ ಪುಡಿ ಹಾಕಿದರೆ ಹೊರಪದರಕ್ಕೂ ಬಣ್ಣ ಬರುತ್ತದೆ. ಹಳೆಯ ಪುಡಿ ಬೆಳಕಿಗೆ ಬಿಳಿಚಿಕೊಂಡಿರುತ್ತದೆ. ಆಗಾಗ ಸ್ವಲ್ಪವೇ ಮಾಡಿಸಿ, ಕತ್ತಲಲ್ಲಿ ಇಡಿ.

ಸಿಂಧೂರಿ ಬೀಜ (ಕೆಲವೆಡೆ ರಂಗುಮಾಲೆ ಎನ್ನುತ್ತಾರೆ) ಕೇಸರಿ ಬಣ್ಣಕ್ಕೆ ಒಳ್ಳೆಯದು, ಖಾರವಿಲ್ಲ. ಒಂದು ದೊಡ್ಡ ಚಮಚ ಬೀಜಕ್ಕೆ ನಾಲ್ಕು ದೊಡ್ಡ ಚಮಚ ಎಣ್ಣೆ ಅಥವಾ ತುಪ್ಪ. ಅತಿ ಸಣ್ಣ ಉರಿಯಲ್ಲಿ ಮೂರರಿಂದ ಐದು ನಿಮಿಷ. ಬೀಜ ಕಪ್ಪಾದರೆ ಎಣ್ಣೆ ಕಹಿ. ಸೋಸಿದ ಆ ತುಪ್ಪ ಒಂದು ಚಮಚ ಇದ್ದರೆ ಒಂದು ಲೋಟ ರವೆಯ ಕೇಸರಿಬಾತಿಗೆ ಸಾಕಾಗುತ್ತದೆ. ನಿಜವಾದ ಕೇಸರಿ ಹಾಕುವವರು ಹತ್ತು ಹದಿನೈದು ಎಳೆಯನ್ನು ಚಿಟಿಕೆ ಸಕ್ಕರೆಯೊಂದಿಗೆ ಪುಡಿಮಾಡಿ ಎರಡು ಚಮಚ ಬೆಚ್ಚನೆ ಹಾಲಿನಲ್ಲಿ 20 ನಿಮಿಷ ಬಿಡಲಿ. ಅದರ ಬಣ್ಣ ನೀರಿಗೆ ಬಿಡುವಂಥದ್ದು, ತುಪ್ಪದಲ್ಲಿ ಹುರಿದರೆ ದುಡ್ಡು ದಂಡ.

ಇನ್ನು ಬೀಟ್‌ರೂಟ್. ಇದನ್ನು ಬಿಸಿ ಕಡಿಮೆ ಇರುವಲ್ಲಿ, ಹುಳಿ ಇರುವಲ್ಲಿ ಮಾತ್ರ ಬಳಸಿ: ಮೊಸರು ಬಜ್ಜಿ, ಶರಬತ್ತು, ಐಸ್‌ಕ್ರೀಮ್, ಕೇಕಿನ ಮೇಲಿನ ಕೆನೆ. ಹಸಿ ಗೆಡ್ಡೆ ತುರಿದು ಹಿಂಡಿ, 100 ಮಿಲಿ ರಸಕ್ಕೆ ಒಂದು ಟೀ ಚಮಚ ನಿಂಬೆರಸ ಹಾಕಿ. ಹುಳಿ ಎರಡು ಕೆಲಸ ಮಾಡುತ್ತದೆ. ಬಣ್ಣವನ್ನು ಹಿಡಿದಿಡುತ್ತದೆ, ಬೀಟ್‌ರೂಟಿನ ಮಣ್ಣು ವಾಸನೆಯನ್ನೂ ತಗ್ಗಿಸುತ್ತದೆ. ಪಾಯಸ, ಹಲ್ವಾಗಳಿಗೆ ಒಲೆಯಿಂದ ಇಳಿಸಿ ಕೈಬೆರಳು ತಾಳುವಷ್ಟು ಆರಿದ ಮೇಲೆ ಬೆರೆಸಿ. ಅಡುಗೆ ಸೋಡಾ ಬಿದ್ದರೆ ಹಳದಿ-ಕಂದಾಗುತ್ತದೆ. ಕೇಕ್ ಹಿಟ್ಟಿಗೆ ಬೀಟ್‌ರೂಟ್ ಹಾಕಿದವರು ಒಳಗೆ ಕಂದು ತಿರುಳನ್ನು ಕಾಣುವುದು ಸೋಡಾ ಮತ್ತು ಶಾಖ ಎರಡೂ ಸೇರಿದ್ದರಿಂದ. ಪುಡಿ ಮಾಡಿಡಲು ಎರಡು ಮಿಲಿಮೀಟರ್ ದಪ್ಪದ ಬಿಲ್ಲೆ ಹೆಚ್ಚಿ ಗಾಳಿಯಾಡುವ ನೆರಳಿನಲ್ಲಿ ಕಟಕ್ಕೆಂದು ಮುರಿಯುವವರೆಗೆ ಒಣಗಿಸಬೇಕು. ಕಿಲೋ ಗೆಡ್ಡೆಗೆ ಸಿಗುವುದು ನೂರು ಗ್ರಾಂ ಆಸುಪಾಸು. ತೇವ ಉಳಿದರೆ ಡಬ್ಬಿಯಲ್ಲಿ ಗಟ್ಟಿಕಟ್ಟಿ ಬೂಸಲು ಹಿಡಿಯುತ್ತದೆ.

ಬಸಳೆ ಬಳ್ಳಿಯ ಹಣ್ಣಾದ ಕಪ್ಪು-ನೇರಳೆ ಕಾಯಿಯ ರಸವೂ ಬೀಟ್‌ರೂಟಿನ ಜಾತಿಯದ್ದೇ, ಅದೇ ನಿಯಮ.

ಪುನರ್ಪುಳಿಯ ವಿಷಯ ಹಾಗಲ್ಲ. ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವ ಈ ಹಣ್ಣಿನ ಸಿಪ್ಪೆಯಲ್ಲಿ ಹುಳಿಯೂ ಬಣ್ಣವೂ ಒಟ್ಟಿಗೇ ಇರುವುದರಿಂದ ಕೆಂಪು ತಾನಾಗಿಯೇ ನಿಲ್ಲುತ್ತದೆ. ಒಣಸಿಪ್ಪೆ 20 ಗ್ರಾಂ, ನೀರು ಅರ್ಧ ಲೀಟರ್, ನಾಲ್ಕು ತಾಸು ನೆನೆಸಿ ಕಿವುಚಿ ಸೋಸಿದರೆ ಮಾಣಿಕ್ಯದ ಬಣ್ಣ. ಕುದಿಸುವುದಾದರೆ ಹತ್ತು ನಿಮಿಷದೊಳಗೆ ಮುಗಿಸಿ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಯಲ್ಲಿ ಬಣ್ಣ ಮಂಕಾಗಿ ನೀಲಿಯತ್ತ ತಿರುಗುತ್ತದೆ. ಸ್ಟೀಲು ಅಥವಾ ಮಣ್ಣಿನ ಪಾತ್ರೆ ಇರಲಿ. ಹಸುವಿನ ಹಾಲಿಗೆ ಹಾಕಿದರೆ ಒಡೆಯುತ್ತದೆ, ತೆಂಗಿನ ಹಾಲಿಗೆ ಹಾಕಿದರೆ ತಿಳಿ ಗುಲಾಬಿ.

ನೀಲಿ, ನೇರಳೆ, ಹಸಿರು

ತಿನ್ನುವ ನೀಲಿ ಅಪರೂಪ. ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪ ಆ ಕೊರತೆ ತುಂಬುತ್ತದೆ. ಹತ್ತು ಹಸಿ ಹೂವಿನ ಹಸಿರು ತೊಟ್ಟು ಬಿಡಿಸಿ, 200 ಮಿಲಿ ಬಿಸಿನೀರಿನಲ್ಲಿ ಐದರಿಂದ ಎಂಟು ನಿಮಿಷ ಮುಚ್ಚಿಡಿ. ತೊಟ್ಟು ಬಿಡಿಸದಿದ್ದರೆ, ಅಥವಾ ಕುದಿಸುತ್ತ ಹೋದರೆ, ಹಸಿ ಅವರೆಯಂಥ ವಾಸನೆ ಬರುತ್ತದೆ. ನಿಂಬೆರಸ ಎರಡು ಹನಿ ಬಿದ್ದರೆ ನೇರಳೆ, ಒಂದು ಚಮಚ ಬಿದ್ದರೆ ಕೆನ್ನೇರಳೆ. ಚಿಟಿಕೆ ಸೋಡಾ ಹಾಕಿದರೆ ಹಸಿರು.

ಬೋರ್‌ವೆಲ್ ನೀರಿನ ಊರುಗಳಲ್ಲಿ ಇದೇ ಹೂವಿನಿಂದ ನೀಲಿಯ ಬದಲು ಪಾಚಿಯಂಥ ಹಸಿರು-ನೀಲಿ ಬರುವುದುಂಟು. ಗಡಸು ನೀರನ್ನು ಕುದಿಸಿದಾಗ ಅದು ಇನ್ನಷ್ಟು ಕ್ಷಾರವಾಗುತ್ತದೆ, ಅದಕ್ಕೆ. ಶೋಧಿಸಿದ ನೀರು ಬಳಸಿ. ಇಲ್ಲದಿದ್ದರೆ ನಿಂಬೆರಸವನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಒಂದೊಂದೇ ಹನಿ ಬಿಡುತ್ತ ನೀಲಿ ಬಂದ ಕ್ಷಣ ನಿಲ್ಲಿಸಿ. ಅನ್ನಕ್ಕೆ ಬಣ್ಣ ಬೇಕಿದ್ದರೆ ಈ ನೀರಲ್ಲೇ ಅಕ್ಕಿ ಬೇಯಿಸಿ. ಬೆಂದ ಅನ್ನದ ಮೇಲೆ ಸುರಿದರೆ ಅನ್ನ ಮುದ್ದೆಯಾಗುತ್ತದೆಯೇ ಹೊರತು ಬಣ್ಣ ಹಿಡಿಯುವುದಿಲ್ಲ. ಕೆಂಪು ದಾಸವಾಳದ ಎಸಳು, ನೇರಳೆ ಹಣ್ಣಿನ ಸಿಪ್ಪೆ, ಕೆಂಪು ಎಲೆಕೋಸು ಎಲ್ಲ ಇದೇ ಬಳಗದವು. ಹುಳಿಯಲ್ಲಿ ಕೆಂಪು, ಸೋಡಾದಲ್ಲಿ ನೀಲಿ-ಹಸಿರು.

ಪಾಲಕ್‌ನ ಹಸಿರನ್ನು ಕೊಲ್ಲುವುದು ಹುಳಿ ಮತ್ತು ಮುಚ್ಚಳ. ಮುಚ್ಚಿ ಬೇಯಿಸಿದರೆ ಸೊಪ್ಪಿನದೇ ಹುಳಿ ಹಬೆಯೊಂದಿಗೆ ಹೋಗದೆ ಒಳಗೇ ಉಳಿದು, ಹಸಿರಿನೊಳಗಿನ ಮೆಗ್ನೀಸಿಯಮ್ ಕಳಚಿ, ಒಣ ಎಲೆಯ ಬಣ್ಣವಾಗುತ್ತದೆ. ಸೋಡಾ ಹಾಕಿದರೆ ಹಸಿರು ನಿಲ್ಲುತ್ತದೆ ನಿಜ, ಆದರೆ ಸೊಪ್ಪು ಲೋಳೆಯಾಗುತ್ತದೆ, ಜೀವಸತ್ವವೂ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. 250 ಗ್ರಾಂ ಪಾಲಕ್ ಎಲೆಯನ್ನು ಅರ್ಧ ಲೀಟರ್ ತಣ್ಣೀರಿನೊಂದಿಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಸೋಸಿ. ಆ ಹಸಿರು ನೀರನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿಮಾಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ಹೊತ್ತಿಗೆ, ಸುಮಾರು 70 ಡಿಗ್ರಿಗೆ, ಒಡೆದ ಹಾಲಿನಂತೆ ಹಸಿರು ಚೂರು ಬೇರೆಯಾಗಿ ಕೆಳಗೆ ತಿಳಿ ನೀರು ಕಾಣುತ್ತದೆ. ಆ ಕ್ಷಣವೇ ಇಳಿಸಿ ಒದ್ದೆ ಬಟ್ಟೆಯ ಮೇಲೆ ಸುರಿದು ಬಸಿಯಿರಿ. ಕುದಿಗೆ ಬಿಟ್ಟರೆ ಮಂಕಾಗುತ್ತದೆ. ಬಟ್ಟೆಯ ಮೇಲೆ ಉಳಿಯುವ ಎರಡು ಮೂರು ಚಮಚ ಮುದ್ದೆಯಲ್ಲಿ ಬಣ್ಣವೆಲ್ಲ ಇರುತ್ತದೆ, ಸೊಪ್ಪಿನ ರುಚಿ ಬಹುಪಾಲು ನೀರಿನೊಂದಿಗೆ ಹೋಗಿರುತ್ತದೆ. ಒಂದು ಟೀ ಚಮಚ ಎರಡು ಲೋಟ ಹಿಟ್ಟಿಗೆ ಸಾಕು. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು.

ಕಾಗದಕ್ಕೆ, ಗೋಡೆಗೆ

ತಟ್ಟೆಗೆ ಒಪ್ಪುವ ಬಣ್ಣವೆಲ್ಲ ಚಿತ್ರಕ್ಕೆ ಒಪ್ಪುವುದಿಲ್ಲ. ಬೀಟ್‌ರೂಟ್ ರಸದಲ್ಲಿ ಬಿಡಿಸಿದ ಹೂವು ಕಿಟಕಿಯ ಬೆಳಕಿಗೆ ಕೆಲವೇ ದಿನದಲ್ಲಿ ಮಾಯ. ಅರಿಶಿನವೂ ಅಷ್ಟೇ. ಚಿತ್ರಕ್ಕೆ ಗಿಡದ ಬಣ್ಣ ಬೇಕಿದ್ದರೆ ಅದನ್ನು ಪುಡಿಯಾಗಿ ಕಟ್ಟಬೇಕು. ಚಿತ್ರಕಾರರು ಅದನ್ನು ಲೇಕ್ ಎನ್ನುತ್ತಾರೆ. ಪಟಿಕದ ಅಲ್ಯೂಮಿನಿಯಂ ಬಣ್ಣವನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಗಸಿಯಾಗಿ ತಳಕ್ಕಿಳಿಯುತ್ತದೆ.

ಕಲಿಯಲು ಚೆಂಡುಹೂವು ಒಳ್ಳೆಯದು. ಹಬ್ಬ ಮುಗಿದ ಮೇಲೆ ಮಾಲೆಗಳಿಂದ ಎಸಳು ಬಿಡಿಸಿ ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. 50 ಗ್ರಾಂ ಒಣ ಎಸಳನ್ನು ಒಂದು ಲೀಟರ್ ನೀರಿನಲ್ಲಿ 45 ನಿಮಿಷ ಸಣ್ಣಗೆ ಕುದಿಸಿ, ಎರಡು ಸಲ ಸೋಸಿ. 10 ಗ್ರಾಂ ಪಟಿಕವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ. ಇನ್ನೊಂದು ಲೋಟದಲ್ಲಿ ನಾಲ್ಕೈದು ಗ್ರಾಂ ಬಟ್ಟೆ ಸೋಡಾ ಪುಡಿ ಕರಗಿಸಿಕೊಳ್ಳಿ. ಹರಳು ಸೋಡಾ ಆದರೆ ಹನ್ನೆರಡು ಗ್ರಾಂ ಬೇಕು, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಸೋಡಾ ನೀರನ್ನು ಚಮಚ ಚಮಚವಾಗಿ ಸುರಿಯಿರಿ. ನೊರೆ ಉಕ್ಕುತ್ತದೆ, ಹಾಗಾಗಿ ಪಾತ್ರೆ ದ್ರವದ ಮೂರು ಪಟ್ಟು ದೊಡ್ಡದಿರಲಿ. ನೊರೆ ಏಳುವುದು ನಿಂತಾಗ ಸೋಡಾ ನಿಲ್ಲಿಸಿ. ಆಮೇಲೂ ಸುರಿಯುತ್ತ ಹೋದರೆ ಹಳದಿ ಕೆಂಗಂದಿನತ್ತ ಜಾರುತ್ತದೆ.

ರಾತ್ರಿಯಿಡೀ ಬಿಟ್ಟರೆ ಗಸಿ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಮೇಲಿನ ನೀರು ಇನ್ನೂ ಗಾಢ ಹಳದಿಯಿದ್ದರೆ ಪಟಿಕ ಸಾಲಲಿಲ್ಲ. ಮುಂದಿನ ಸಲ ಎರಡು ಗ್ರಾಂ ಹೆಚ್ಚಿಸಿ. ನೀರು ಬಗ್ಗಿಸಿ, ಹೊಸ ನೀರು ಸುರಿದು, ಮತ್ತೆ ಇಳಿಯಲು ಬಿಡಿ. ಹೀಗೆ ಮೂರು ಸಲ ತೊಳೆಯದಿದ್ದರೆ ಒಳಗೆ ಉಪ್ಪು ಉಳಿದು, ಬಳಿದ ಬಣ್ಣದ ಮೇಲೆ ಬಿಳಿ ಹುಡಿ ಏಳುತ್ತದೆ. ಕಾಫಿ ಸೋಸುವ ಕಾಗದದಲ್ಲಿ ಬಸಿದು, ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ, ಅರೆದಿಡಿ. ಮುತ್ತುಗದ ಹೂವಿಗೂ ಇದೇ ಕ್ರಮ. ಸಿಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಹೋಳಿ ಹಬ್ಬಕ್ಕೆ ಎರಚಲು ಮಾತ್ರವಾದರೆ ಪಟಿಕವೂ ಬೇಡ, 100 ಗ್ರಾಂ ಒಣಹೂವನ್ನು ಎರಡು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿದರೆ ಮುಗಿಯಿತು.

ಕಪ್ಪು ಶಾಯಿಗೆ ಅಳಲೆಕಾಯಿ. 50 ಗ್ರಾಂ ಕುಟ್ಟಿ ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಅರ್ಧಕ್ಕೆ ಇಂಗಿಸಿ, ಸೋಸಿ, 10 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ), 5 ಗ್ರಾಂ ಗೋಂದು ಕರಗಿಸಿ. ಬರೆದಾಗ ಬೂದು, ಗಾಳಿ ತಾಗುತ್ತ ಕಪ್ಪು. ಅನ್ನಭೇದಿ ಹೆಚ್ಚಾದರೆ ವರ್ಷಗಳ ಮೇಲೆ ಕಾಗದವನ್ನು ತಿಂದುಬಿಡುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು ಸಿಕ್ಕರೆ ಅದೂ ಆಗುತ್ತದೆ. ಹೆಗ್ಗೋಡಿನ ಬಳಿಯ ಚರಕ ಸಂಸ್ಥೆ ಕೈಮಗ್ಗದ ನೂಲಿಗೆ ಚೊಗರಿನ ಬಣ್ಣ ಕಟ್ಟುತ್ತದೆ.

ಬಿಸಿಲು, ಮಳೆ, ಸುಣ್ಣ ಮೂರನ್ನೂ ತಡೆಯುವುದು ಮಣ್ಣು ಮಾತ್ರ. ಉತ್ತರ ಕನ್ನಡ, ಗೋವಾ ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಬಿಳಿ ಗಾರೆಯ ಮೇಲೆ ಕೆಂಪು ಕಾವಿ ಪದರ ಕೊಟ್ಟು, ಹಸಿಯಿರುವಾಗಲೇ ಕಂಠ ಎಂಬ ಲೋಹದ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಕಾಣಿಸುತ್ತಾರೆ. ಕಾವಿಯ ಕೆಂಪು ಕಬ್ಬಿಣದ ಆಕ್ಸೈಡ್, ಸುಣ್ಣಕ್ಕೆ ಅಂಜುವುದಿಲ್ಲ. ಅದೇ ಹಸಿ ಸುಣ್ಣದ ಗೋಡೆಗೆ ಚೆಂಡುಹೂವಿನ ಪುಡಿ ಬಳಿದರೆ ಕೆಡುತ್ತದೆ. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರಕ್ಕೂ ಕೆಮ್ಮಣ್ಣೇ ಕೆಂಪು. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಇದ್ದಿಲಾಗುವಷ್ಟು ಹುರಿದು ಅರೆದ ಅಕ್ಕಿ, ಬರೆಯಲು ಪುಂಡಿನಾರಿನ ಕುಂಚ.

ಕೆಮ್ಮಣ್ಣನ್ನು ಹಾಗೇ ಅರೆದರೆ ಮರಳು ಉಳಿದು ಕುಂಚ ಸವೆಯುತ್ತದೆ. ಅರ್ಧ ಕಿಲೋ ಮಣ್ಣನ್ನು ಬಕೆಟ್ ನೀರಿನಲ್ಲಿ ಚೆನ್ನಾಗಿ ಕದಡಿ, ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಬಕೆಟ್ಟಿಗೆ ಬಗ್ಗಿಸಿ. ತಳದ ಮರಳು ಚೆಲ್ಲಿ. ಇನ್ನೊಮ್ಮೆ ಹಾಗೇ ಮಾಡಿ. ಮರುದಿನ ತಿಳಿನೀರು ತೆಗೆದು ತಳದ ಕೆಸರನ್ನು ಒಣಗಿಸಿ. ಬೆರಳ ನಡುವೆ ತಿಕ್ಕಿದರೆ ಟಾಲ್ಕಂ ಪೌಡರಿನಂತೆ ಜಾರಬೇಕು. ಹಳದಿ ಮಣ್ಣು ಸಿಕ್ಕರೆ ಹೀಗೆ ಶುದ್ಧ ಮಾಡಿ, ಹಳೆಯ ಕಬ್ಬಿಣದ ಬಾಣಲೆಯಲ್ಲಿ ತೆಳ್ಳಗೆ ಹರಡಿ ಜೋರು ಉರಿಯಲ್ಲಿ ಅರ್ಧ ಗಂಟೆ ಹುರಿಯಿರಿ. ಮಣ್ಣಿನೊಳಗಿನ ನೀರಿನಂಶ ಹೊರಟು ಹಳದಿ ಕೆಂಪಾಗುತ್ತದೆ. ಬೇರೆ ಬೇರೆ ಹೊತ್ತಿಗೆ ಒಂದೊಂದು ಚಮಚ ತೆಗೆದಿಟ್ಟರೆ ಒಂದೇ ಮಣ್ಣಿನಿಂದ ನಾಲ್ಕು ಛಾಯೆ.

ಯಾವ ಪುಡಿಯಾದರೂ ಕಾಗದಕ್ಕೆ ಅಂಟಲು ಗೋಂದು ಬೇಕು. ಒಂದು ಪಾಲು ಗೋಂದಿನ ಪುಡಿಗೆ ಎರಡು ಪಾಲು ಬಿಸಿನೀರು, ರಾತ್ರಿಯಿಡೀ ನೆನೆಸಿ ಸೋಸಿ, ಕಾಲು ಪಾಲು ಜೇನು ಸೇರಿಸಿ. ಕೆಡದಂತೆ ಎರಡು ಲವಂಗ ಹಾಕಿಡಿ. ಗಾಜಿನ ಹಲಗೆಯ ಮೇಲೆ ಪುಡಿ ಮತ್ತು ಗೋಂದನ್ನು ಸಮಸಮ ಹಾಕಿ, ಚಪ್ಪಟೆ ತಳದ ಗಾಜಿನ ಲೋಟದಿಂದ ಹತ್ತು ನಿಮಿಷ ಎಂಟರ ಆಕಾರದಲ್ಲಿ ಅರೆಯಿರಿ. ಬಳಿದು ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಗೋಂದು ಕಡಿಮೆ. ಹೊಳೆದು ಬಿರುಕು ಬಿಟ್ಟರೆ ಗೋಂದು ಹೆಚ್ಚು. ಮೈಸೂರು ಶೈಲಿಯ ಚಿತ್ರಕಾರರು ಬಳಸುವ ರೇವಲ್ಚಿನ್ನಿಯ ಹಳದಿ ಹಾಲು (ಮರದ ಅಂಟು) ಅಂಗಡಿಯಲ್ಲಿ ಸಿಕ್ಕರೆ ಮಕ್ಕಳ ಕೈಗೆ ಕೊಡಬೇಡಿ, ಹೊಟ್ಟೆಗೆ ಹೋದರೆ ಭೇದಿ ಹಿಡಿಯುತ್ತದೆ.

ಹೊಸದಾಗಿ ಮಾಡಿದ ಪ್ರತಿ ಬಣ್ಣವನ್ನೂ ಒಂದು ಪಟ್ಟಿ ಕಾಗದಕ್ಕೆ ಬಳಿದು, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ದಕ್ಷಿಣದ ಕಿಟಕಿಗೆ ಹದಿನೈದು ದಿನ ಅಂಟಿಸಿ. ರಟ್ಟು ತೆಗೆದಾಗ ಎರಡೂ ಅರ್ಧ ಒಂದೇ ಇದ್ದರೆ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬಳಸಿ. ಮುಚ್ಚಿದ ಗೆರೆ ಎದ್ದು ಕಂಡರೆ ಆ ಬಣ್ಣವನ್ನು ಪುಸ್ತಕದೊಳಗೆ ಮುಚ್ಚಿಡುವ ಚಿತ್ರಕ್ಕೆ ಮಾತ್ರ ಇಟ್ಟುಕೊಳ್ಳಿ.